ಅಂಗಾಲಿನ ನವೆ, ಅಂಗಡಿಯ ಟ್ಯೂಬು

ಜೂನ್ ಕಳೆದು ಜುಲೈ ಹಿಡಿಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳು ಮೊಣಕಾಲಿನಿಂದ ಕೆಳಕ್ಕಿಳಿಯುತ್ತವೆ. ಬೇಸಿಗೆಯಲ್ಲಿ ಬೆವರುಸಾಲೆ, ಚಳಿಗಾಲದಲ್ಲಿ ತಲೆಹೊಟ್ಟು, ಮಳೆಗಾಲದಲ್ಲಿ ಪಾದ. ಬರೆಯುವವರಲ್ಲಿ ಅಡಿಕೆ ತೋಟದವರಿದ್ದಾರೆ, ಪೊಲೀಸರಿದ್ದಾರೆ, ಬೆಂಗಳೂರಿನಲ್ಲಿ ದಿನವಿಡೀ ಶೂ ಬಿಚ್ಚದೆ ಕೂರುವ ಸಾಫ್ಟ್‌ವೇರ್ ಹುಡುಗರಿದ್ದಾರೆ. ಪ್ರಶ್ನೆ ಮಾತ್ರ ಒಂದೇ ಅಚ್ಚಿನದು: ‘ವರ್ಷದಿಂದ ಕಾಲು ನವೆ. ಏನು ಹಚ್ಚಿದರೂ ಹೋಗುತ್ತಿಲ್ಲ. ಒಂದು ಒಳ್ಳೆಯ ಮುಲಾಮು ಬರೆದುಕೊಡಿ.’ ಇದರಲ್ಲಿ ನನ್ನ ಕಣ್ಣು ನಿಲ್ಲುವುದು ನಡುವಿನ ವಾಕ್ಯದ ಮೇಲೆ. ಏನೇನು ಹಚ್ಚಿದಿರಿ ಎಂದು ಕೇಳಿದರೆ ಬರುವ ಉತ್ತರದಲ್ಲೇ ಕಾಯಿಲೆಯ ಅರ್ಧ ಚರಿತ್ರೆ ಇರುತ್ತದೆ. ತಿಂಗಳಲ್ಲಿ ವಾಸಿಯಾಗಬೇಕಿದ್ದ ನವೆ ವರ್ಷ ಎಳೆದಿದ್ದರೆ, ಬಹಳಷ್ಟು ಸಲ ಅದಕ್ಕೆ ಕಾರಣ ಹಚ್ಚದೆ ಬಿಟ್ಟಿದ್ದಲ್ಲ, ಹಚ್ಚಿದ್ದು.

ಅಂಗಾಲು ತುರಿಸಿದರೆ ಪ್ರಯಾಣ ಕಾದಿದೆ ಎನ್ನುತ್ತಾರೆ ಹಿರಿಯರು. ಪ್ರಯಾಣದ ವಿಷಯ ನನಗೆ ಗೊತ್ತಿಲ್ಲ. ಕಾಲು ತುರಿಸಿಕೊಳ್ಳುವುದರಲ್ಲಿ ಸುಖವಿದೆ ಎಂಬುದನ್ನಂತೂ ಅಳತೆ ಹಾಕಿ ನೋಡಿದವರಿದ್ದಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮುಂಗೈ, ಬೆನ್ನು ಮತ್ತು ಕಣಕಾಲಿಗೆ ನವೆ ತರಿಸಿ, ಆಮೇಲೆ ಕೆರೆದು, ಎಲ್ಲಿ ಎಷ್ಟು ಹಿತವೆನಿಸಿತು ಎಂದು ಅಂಕ ಕೊಡಿಸಿದರು. ನವೆ ತರಿಸಲು ಬಳಸಿದ್ದು ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಕಾಯಿಯ ರೋಮವನ್ನೇ. ಕೆರೆತದ ಸುಖದಲ್ಲಿ ಗೆದ್ದದ್ದು ಕಣಕಾಲು. ರಾತ್ರಿ ಟೀವಿ ನೋಡುತ್ತ ಒಂದು ಪಾದದ ಹಿಮ್ಮಡಿಯಿಂದ ಇನ್ನೊಂದು ಕಣಕಾಲನ್ನು ಉಜ್ಜುತ್ತ ಕೂರುವವರಿಗೆ ಈ ಅಧ್ಯಯನದ ಅಗತ್ಯವಿರಲಿಲ್ಲ, ಬಿಡಿ. ತೊಂದರೆ ಇರುವುದು ಸುಖದ ಬೆನ್ನಿಗೆ ಬರುವ ಭಾಗದಲ್ಲಿ. ಕೆರೆದಾಗ ಆಗುವ ಸಣ್ಣ ನೋವು ನವೆಯನ್ನು ಗಳಿಗೆ ಹೊತ್ತು ಅಡಗಿಸುತ್ತದೆ. ಅಷ್ಟರಲ್ಲಿ ಉಗುರು ತಾಗಿ ಗಾಯಗೊಂಡ ಚರ್ಮದಿಂದ ಉರಿಯೂತದ ರಾಸಾಯನಿಕಗಳು ಹೊರಬಿದ್ದು ನವೆಯ ನರಗಳನ್ನು ಇನ್ನಷ್ಟು ಕೆಣಕುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಆ ಜಾಗದ ಚರ್ಮ ದಪ್ಪಗಾಗಿ, ಕಪ್ಪಾಗಿ, ಗೆರೆಗೆರೆಯಾಗುತ್ತದೆ. ಆಗ ಮೂಲ ಕಾರಣ ಎಂದೋ ಹೋಗಿರಬಹುದು, ಕೆರೆತವೇ ಒಂದು ಕಾಯಿಲೆಯಾಗಿ ಉಳಿದಿರುತ್ತದೆ. ಕಣಕಾಲಿನ ಹೊರಮಗ್ಗುಲಲ್ಲಿ ಇಂಥ ದಪ್ಪ ಮಚ್ಚೆ ಹೊತ್ತವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ.

ಹಾಗಾಗಿ ಯಾವ ಮುಲಾಮು ಎಂಬುದಕ್ಕೆ ಮೊದಲು ಎಲ್ಲಿ ಎಂದು ಕೇಳಬೇಕು. ಪಾದ ಸಣ್ಣ ಅಂಗವಾದರೂ ಅದರ ಒಂದೊಂದು ಮೂಲೆಗೂ ಒಂದೊಂದು ಹವಾಮಾನ. ಅಂಗಾಲಿನಲ್ಲಿ ಬೆವರು ಗ್ರಂಥಿಗಳು ದಟ್ಟವಾಗಿವೆ, ಎಣ್ಣೆ ಗ್ರಂಥಿಗಳು ಇಲ್ಲವೇ ಇಲ್ಲ. ಆದ್ದರಿಂದಲೇ ಅದೇ ಪಾದ ಹಿಮ್ಮಡಿಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಬೆರಳ ಸಂದಿಯಲ್ಲಿ ನೆನೆದು ಬೆಳ್ಳಗಾಗುತ್ತದೆ. ನಾಲ್ಕನೆಯ ಮತ್ತು ಕಿರುಬೆರಳಿನ ನಡುವೆ ಗಾಳಿಯೇ ಆಡುವುದಿಲ್ಲ. ಶಿಲೀಂಧ್ರ ಮೊದಲು ಬಿಡಾರ ಹೂಡುವುದು ಅಲ್ಲಿಯೇ. ಮೈಮೇಲೆ ಹುಳುಕಡ್ಡಿ ಎಂದು ಕರೆಯುತ್ತೇವಲ್ಲ, ಅದೇ ಬಳಗದ ಸೋಂಕು ಇದು. ಸಂದಿಯ ಚರ್ಮ ಬೆಳ್ಳಗೆ ನೆನೆದಂತಾಗಿ ಸುಲಿಯುತ್ತದೆ, ಒಂದಿಷ್ಟು ವಾಸನೆ ಬರುತ್ತದೆ, ಸಾಕ್ಸು ಬಿಚ್ಚಿದ ಕೂಡಲೇ ನವೆ ಏರುತ್ತದೆ. ಅದು ಅಂಗಾಲಿಗೆ ಇಳಿದರೆ ನೋಟ ಬದಲಾಗುತ್ತದೆ. ಒದ್ದೆ ಹೋಗಿ ಒಣಗು ಬರುತ್ತದೆ. ಪಾದದ ಅಂಚಿನ ಸುತ್ತ ಬಿಳಿ ಹೊಟ್ಟು ಉದುರುತ್ತದೆ. ಬಹುಪಾಲು ಜನ ಇದನ್ನು ಬರೀ ಒಣಚರ್ಮ ಎಂದುಕೊಂಡು ವರ್ಷಗಟ್ಟಲೆ ಎಣ್ಣೆ ತಿಕ್ಕುತ್ತಾರೆ. ಒಂದು ಪಾದದಲ್ಲಿ ಮಾತ್ರ ಇದ್ದರೆ, ಜೊತೆಗೆ ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಾಗಿದ್ದರೆ, ಶಿಲೀಂಧ್ರದ ಮೇಲೆ ಗುಮಾನಿ ಪಡಲೇಬೇಕು.

ಗುಮಾನಿಯನ್ನು ಖಚಿತ ಮಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಅಂಚಿನ ಹೊಟ್ಟನ್ನು ಮೊಂಡು ಬ್ಲೇಡಿನಲ್ಲಿ ಕೆರೆದು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿದರೆ ಚರ್ಮದ ಕೋಶಗಳು ಕರಗಿ ಶಿಲೀಂಧ್ರದ ಎಳೆಗಳು ಮಾತ್ರ ಸೂಕ್ಷ್ಮದರ್ಶಕದಲ್ಲಿ ಉಳಿಯುತ್ತವೆ. ಹೆಚ್ಚು ಖರ್ಚಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಇಷ್ಟು ಸುಲಭದ ಪರೀಕ್ಷೆ ನಮ್ಮ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ವಾಡಿಕೆಯಾಗಿ ನಡೆಯುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ಪರೀಕ್ಷೆ ಇಲ್ಲದ ಕಡೆ ಊಹೆ ಬರುತ್ತದೆ. ಊಹೆಗೆ ಹೇಳಿ ಮಾಡಿಸಿದಂಥ ಔಷಧವೊಂದು ಅಂಗಡಿಯಲ್ಲಿ ಕಾದಿರುತ್ತದೆ.

ಆ ಟ್ಯೂಬಿನ ಕಥೆಗೆ ಬರೋಣ. ಶಿಲೀಂಧ್ರಕ್ಕೊಂದು ಔಷಧ, ಬ್ಯಾಕ್ಟೀರಿಯಾಕ್ಕೆ ಒಂದೋ ಎರಡೋ, ಇವುಗಳ ಜೊತೆ ಕ್ಲೊಬೆಟಸಾಲ್ ಅಥವಾ ಬೆಟಾಮೆಥಸೋನ್ ಎಂಬ ಪ್ರಬಲ ಸ್ಟೀರಾಯ್ಡ್, ಎಲ್ಲವನ್ನೂ ಕಲಸಿ ಒಂದೇ ಕೊಳವೆಗೆ ತುಂಬಿದ ಮಿಶ್ರಣ. ತರ್ಕ ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ: ಕಾಯಿಲೆ ಯಾವುದಾದರೇನು, ಯಾವುದೋ ಒಂದು ಕೆಲಸ ಮಾಡುತ್ತದೆ. ಕೆಲಸ ಮಾಡುವುದು ಸ್ಟೀರಾಯ್ಡ್, ಅದೂ ಮೋಸದ ಕೆಲಸ. ನವೆ ಎಂಬುದು ಶಿಲೀಂಧ್ರದ ವಿರುದ್ಧ ನಮ್ಮ ದೇಹ ನಡೆಸುವ ಜಗಳದ ಸದ್ದು. ಸ್ಟೀರಾಯ್ಡ್ ಆ ಜಗಳವನ್ನೇ ನಿಲ್ಲಿಸುತ್ತದೆ. ಎರಡು ದಿನದಲ್ಲಿ ನವೆ ಮಾಯ, ಕೆಂಪು ಮಾಯ. ರೋಗಿ ಖುಷಿ, ಅಂಗಡಿಯವನಿಗೆ ಒಳ್ಳೆಯ ಹೆಸರು. ಎದುರಾಳಿ ಇಲ್ಲದ ಶಿಲೀಂಧ್ರ ಮಾತ್ರ ನೆಮ್ಮದಿಯಾಗಿ ಹರಡಿಕೊಳ್ಳುತ್ತದೆ. ಮುಲಾಮು ನಿಲ್ಲಿಸಿದ ವಾರದಲ್ಲಿ ನವೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಟ್ಯೂಬು, ಮತ್ತೆ ಎರಡು ದಿನದ ನೆಮ್ಮದಿ. ಈ ಆಟ ನಡೆದಷ್ಟೂ ಹುಳುಕಡ್ಡಿಯ ಗುರುತಾದ ದುಂಡಗಿನ ಕೆಂಪು ಅಂಚು ಅಳಿಸಿಹೋಗಿ, ಕೊನೆಗೆ ಚರ್ಮತಜ್ಞರಿಗೂ ಸುಲಭವಾಗಿ ಗುರುತು ಸಿಗದ ರೂಪಕ್ಕೆ ಅದು ಬಂದು ನಿಲ್ಲುತ್ತದೆ. ಐವ್ ಮತ್ತು ಮಾರ್ಕ್ಸ್ ಎಂಬ ಬ್ರಿಟನ್ನಿನ ವೈದ್ಯರು 1968ರಲ್ಲೇ ಇಂಥ ರೋಗಿಗಳನ್ನು ವರ್ಣಿಸಿ, ವೇಷ ಮರೆಸಿಕೊಂಡ ಶಿಲೀಂಧ್ರ ಎಂಬರ್ಥದ ಹೆಸರಿಟ್ಟರು. ಅವರಿಗೆ ಅದು ವಿರಳ ಸಂಗತಿಯಾಗಿತ್ತು. ನಮ್ಮ ಹೊರರೋಗಿ ವಿಭಾಗಗಳಲ್ಲಿ ಅದು ದಿನನಿತ್ಯದ ದರ್ಶನ.

ಪಾದದ ಮಟ್ಟಿಗೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಶಿಲೀಂಧ್ರ ನಿಲ್ಲುವುದಿಲ್ಲ. ಒಳಉಡುಪು ತೊಡುವಾಗ ಅದು ಪಾದವನ್ನು ಸವರಿಕೊಂಡೇ ಮೇಲೇರುತ್ತದೆ. ಪಾದದ ಸೋಂಕು ತೊಡೆಸಂದಿಗೆ ಹೋಗುವ ರಾಜಮಾರ್ಗವೇ ಅದು. ಅದರ ಹಿಂದೆಯೇ ಟ್ಯೂಬೂ ಹೋಗುತ್ತದೆ. ಚರ್ಮದ ಬೇರೆಬೇರೆ ಭಾಗಗಳು ಔಷಧವನ್ನು ಎಷ್ಟೆಷ್ಟು ಹೀರುತ್ತವೆ ಎಂದು ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಅಳೆದಿದ್ದರು. ಮುಂಗೈ ಹೀರುವುದನ್ನು ಒಂದು ಎಂದಿಟ್ಟುಕೊಂಡರೆ ಅಂಗಾಲು ಹೀರುವುದು ಅದರ ಏಳನೆಯ ಒಂದು ಭಾಗ, ವೃಷಣದ ಚರ್ಮ ಹೀರುವುದು 42 ಪಟ್ಟು. ಅಂದರೆ ಅಂಗಾಲಿಗೆ ಅಷ್ಟೇನೂ ಅಪಾಯ ಮಾಡದ ಅದೇ ಮುಲಾಮು ತೊಡೆಸಂದಿನಲ್ಲಿ ಚರ್ಮವನ್ನು ಕಾಗದದಷ್ಟು ತೆಳುವಾಗಿಸಿ, ಮತ್ತೆ ಅಳಿಸಲಾಗದ ಸೀಳುಗೆರೆಗಳನ್ನು ಮೂಡಿಸುತ್ತದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು ಸಂಕೋಚದಿಂದ ಬಾಗಿಲು ಹಾಕಿಸಿ ತೋರಿಸುವ ಆ ಗೆರೆಗಳನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಹುಡುಗರ ಮೇಲಲ್ಲ.

ಸಿಟ್ಟು ಅಂಗಡಿಯವರೊಬ್ಬರ ಮೇಲೂ ಅಲ್ಲ ಎನ್ನಿ. ಚರ್ಮತಜ್ಞರು ಇರುವುದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ದುಡ್ಡು, ಸರದಿಯಲ್ಲಿ ಕಾಯುವ ಬೇಸರ. ಬೀದಿ ತುದಿಯ ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ. ಕಾನೂನು ಇಲ್ಲವೆಂದಲ್ಲ. ಹಚ್ಚುವ ಸ್ಟೀರಾಯ್ಡುಗಳಿಗೆ ಮೊದಲಿದ್ದ ವಿನಾಯಿತಿಯನ್ನು ತೆಗೆದು, ಅಂಥ 14 ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲಿ ಅಧಿಸೂಚನೆ ಹೊರಡಿಸಿತು. ಚರ್ಮವೈದ್ಯರ ರಾಷ್ಟ್ರೀಯ ಸಂಘಟನೆ ಅದಕ್ಕಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. ಅಧಿಸೂಚನೆ ಬಂದ ಮೇಲೂ ಚೀಟಿ ಕೇಳುವ ಅಂಗಡಿಯನ್ನು ನೀವೇ ಹುಡುಕಿ ನೋಡಿ. ನಮ್ಮ ವೃತ್ತಿಯವರಲ್ಲೂ ಇಂಥ ಮಿಶ್ರಣವನ್ನೇ ಬರೆದುಕೊಡುವವರಿದ್ದಾರೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇದರ ಫಲ ನಮ್ಮ ಗಡಿಯನ್ನೂ ದಾಟಿದೆ. ಭಾರತ ಮತ್ತು ನೇಪಾಳದ ರೋಗಿಗಳಿಂದ ಪಡೆದ, ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಜಗ್ಗದ ಹುಳುಕಡ್ಡಿಯ ಒಂದು ತಳಿಯನ್ನು ಜಪಾನಿನ ಸಂಶೋಧಕರು 2020ರಲ್ಲಿ ಹೊಸ ಪ್ರಭೇದವೆಂದು ಘೋಷಿಸಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಕರೆದರು. ದೇಶದ ಹೆಸರು ಹೊತ್ತ ಕೀರ್ತಿ! 2023ರಲ್ಲಿ ನ್ಯೂಯಾರ್ಕಿನಲ್ಲೂ ಅದು ವರದಿಯಾಯಿತು. ಪಾದಕ್ಕಿಂತ ಸೊಂಟ, ತೊಡೆ, ಪೃಷ್ಠಗಳೇ ಅದಕ್ಕೆ ಪ್ರಿಯ. ಪಾದದಲ್ಲಿ ಈಗಲೂ ಟ್ರೈಕೊಫೈಟನ್ ರೂಬ್ರಮ್ ಎಂಬ ಹಳೆಯ ಆಸಾಮಿಯದೇ ಕಾರುಬಾರು. ಅದು ಸರಿಯಾದ ಔಷಧಕ್ಕೆ ಇನ್ನೂ ಮಣಿಯುತ್ತದೆ ಎಂಬುದು ಸಮಾಧಾನ.

ಸರಿಯಾದ ಔಷಧವೆಂದರೆ ಸ್ಟೀರಾಯ್ಡ್ ಬೆರೆಸದ, ಶಿಲೀಂಧ್ರಕ್ಕೆಂದೇ ಇರುವ ಒಂದೇ ಔಷಧದ ಮುಲಾಮು: ಕ್ಲೊಟ್ರಿಮಜೋಲ್, ಟರ್ಬಿನಾಫಿನ್, ಲುಲಿಕೊನಜೋಲ್, ಇಂಥವು. ಮಚ್ಚೆಯ ಮೇಲೆ ಮಾತ್ರವಲ್ಲ, ಅದರ ಅಂಚಿನಾಚೆ ಎರಡು ಬೆರಳಿನ ಅಗಲಕ್ಕೂ ಹಚ್ಚಬೇಕು. ನವೆ ನಿಂತ ದಿನ ಔಷಧ ನಿಲ್ಲಿಸುವುದು ನಮ್ಮವರ ದೊಡ್ಡ ಚಾಳಿ. ಚರ್ಮ ಪೂರ್ತಿ ತಿಳಿಯಾದ ಮೇಲೂ ಎರಡು ವಾರ ಹಚ್ಚಿ ಎನ್ನುತ್ತೇವೆ, ಯಾರೂ ಕೇಳುವುದಿಲ್ಲ. ಅಂಗಾಲಿನ ದಪ್ಪ ಚರ್ಮಕ್ಕೆ ಇಳಿದ ಸೋಂಕಿಗೆ ಅನೇಕ ಬಾರಿ ಮುಲಾಮು ಸಾಲದು, ವೈದ್ಯರ ನಿಗಾದಲ್ಲಿ ಮಾತ್ರೆ ನುಂಗಬೇಕಾಗುತ್ತದೆ. ಉಗುರು ಸೇರಿದ್ದರೆ ಇನ್ನೂ ತಾಳ್ಮೆ ಬೇಕು. ಕಾಲಿನ ಹೆಬ್ಬೆರಳಿನ ಉಗುರು ಬುಡದಿಂದ ತುದಿಗೆ ಹೊಸದಾಗಿ ಬೆಳೆದು ಬರಲು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಆ ಉಗುರನ್ನು ಮರೆತು ಚರ್ಮಕ್ಕಷ್ಟೇ ಚಿಕಿತ್ಸೆ ಮಾಡಿದರೆ ಅಲ್ಲಿಂದಲೇ ಮರುವರ್ಷದ ಬೀಜ. ಅಜ್ಜಂದಿರ ಕಾಲದ ವೈಟ್‌ಫೀಲ್ಡ್ ಮುಲಾಮಿನ ಬಗ್ಗೆ ಕೆಲವರು ಕೇಳುತ್ತಾರೆ. ಬೆಂಗಳೂರಿನ ವೈಟ್‌ಫೀಲ್ಡಿಗೂ ಅದಕ್ಕೂ ಸಂಬಂಧವಿಲ್ಲ. ಆರ್ಥರ್ ವಿಟ್‌ಫೀಲ್ಡ್ ಎಂಬ ಇಂಗ್ಲಿಷ್ ಚರ್ಮವೈದ್ಯನ ಹೆಸರದು. ಆರು ಪಾಲು ಬೆಂಜಾಯಿಕ್ ಆಮ್ಲ, ಮೂರು ಪಾಲು ಸ್ಯಾಲಿಸಿಲಿಕ್ ಆಮ್ಲ. ನೂರು ವರ್ಷ ದಾಟಿದ ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಹಿಂದೆ ಜಾಗ ಪಡೆದಿತ್ತು. ಒಣಗಿದ ಅಂಗಾಲಿಗೆ ಪರವಾಗಿಲ್ಲ, ಬಿರಿದ ಸಂದಿಗೆ ಹಚ್ಚಿದರೆ ನಕ್ಷತ್ರ ಕಾಣುತ್ತದೆ.

ಮಲೆನಾಡು, ಕರಾವಳಿಯಲ್ಲಿ ಗದ್ದೆ ನಾಟಿಯ ಕಾಲಕ್ಕೆ ಬರುವ ಕೆಸರುಹುಣ್ಣಿಗೆ ಶಿಲೀಂಧ್ರವೊಂದನ್ನೇ ಹೊಣೆ ಮಾಡುವಂತಿಲ್ಲ. ದಿನಕ್ಕೆ ಆರೆಂಟು ಗಂಟೆ ಕೆಸರಿನಲ್ಲಿ ನಿಂತ ಕಾಲಿನ ಚರ್ಮ ಮೊದಲು ನೆನೆದು ಮೆತ್ತಗಾಗುತ್ತದೆ, ಆಮೇಲೆ ಮರಳು, ಕೂಳೆ ತಾಗಿ ತರಚುತ್ತದೆ, ತರಚಿದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ, ಗೊಬ್ಬರದ ಉರಿ ಎಲ್ಲವೂ ಸೇರುತ್ತವೆ. ಇದಕ್ಕೆ ಹೆಂಗಸರು ಬೆರಳ ಸಂದಿಗೆ ಮದರಂಗಿ ಅರೆದು ಮೆತ್ತಿಕೊಳ್ಳುವುದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವನು ನಾನಲ್ಲ. ಮದರಂಗಿಯ ಲಾಸೋನ್ ಎಂಬ ಬಣ್ಣದ ಅಂಶಕ್ಕೆ ಶಿಲೀಂಧ್ರವನ್ನು ತಡೆಯುವ ಗುಣವಿದೆ, ಒಗರು ಗುಣದಿಂದ ಚರ್ಮವೂ ಸ್ವಲ್ಪ ಗಟ್ಟಿಯಾಗುತ್ತದೆ. ನಾಟಿಗೆ ಇಳಿಯುವ ಮುಂಚೆ ಹಚ್ಚಿಕೊಂಡರೆ ಒಳ್ಳೆಯದೇ. ಆದರೆ ಹಿತ್ತಿಲಿನ ಸೊಪ್ಪು ಬೇರೆ, ಪೇಟೆಯ ‘ಕಪ್ಪು ಮೆಹಂದಿ’ ಕೋನು ಬೇರೆ. ಕಪ್ಪು ಬಣ್ಣಕ್ಕಾಗಿ ಅದಕ್ಕೆ ಬೆರೆಸುವ ಪಿಪಿಡಿ ಎಂಬ ರಾಸಾಯನಿಕ, ಕೂದಲ ಬಣ್ಣದಲ್ಲಿಯೂ ಇರುವಂಥದು, ಬೊಬ್ಬೆ ಏಳಿಸುವಷ್ಟು ಅಲರ್ಜಿ ತರಬಲ್ಲದು. ಮದುವೆಯ ಮರುವಾರ ಪಾದದ ಮೇಲೆ ಬಳ್ಳಿ, ನವಿಲುಗಳ ಆಕಾರದಲ್ಲೇ ಊದಿಕೊಂಡ ನವೆ ಹೊತ್ತು ಬರುವ ಮದುಮಗಳನ್ನು ಪ್ರತಿ ಲಗ್ನದ ಹಂಗಾಮಿನಲ್ಲಿ ನೋಡುತ್ತೇವೆ.

ಬೆರಳ ಸಂದಿಯ ಬಿರುಕನ್ನು ಸಣ್ಣದೆಂದು ಬಿಡಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಳನುಗ್ಗುವ ಬಾಗಿಲು ಅದು. ಸಂಜೆ ಚಳಿಜ್ವರ, ಬೆಳಗಾಗುವಷ್ಟರಲ್ಲಿ ಕಾಲು ಕೆಂಪಗೆ ಊದಿ ಮುಟ್ಟಲಾಗದ ನೋವು. ಆನೆಕಾಲು ಇರುವವರಿಗಂತೂ ಇಂಥ ಜ್ವರ ಬಂದುಹೋದಾಗಲೆಲ್ಲ ಬಾವು ಒಂದು ಮೆಟ್ಟಿಲು ಏರುತ್ತದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ, ಆಧುನಿಕ ವೈದ್ಯ ಮೂರನ್ನೂ ಸೇರಿಸಿ ಆನೆಕಾಲಿಗೆ ಚಿಕಿತ್ಸೆ ರೂಪಿಸಿದ ಸಂಸ್ಥೆ. ಅಲ್ಲಿಯಾಗಲಿ, ಬೇರೆಡೆಯಾಗಲಿ, ಆನೆಕಾಲಿನ ಆರೈಕೆ ಶುರುವಾಗುವುದು ಪಾದ ತೊಳೆದು ಬೆರಳ ಸಂದಿಯನ್ನು ಬಟ್ಟೆಯಿಂದ ಒತ್ತಿ ಒಣಗಿಸುವುದರಿಂದಲೇ.

ನವೆ ಪಾದದ ಮೇಲ್ಭಾಗದಲ್ಲಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯ ಕಡೆ. ಹವಾಯಿ ಚಪ್ಪಲಿಯ ಪಟ್ಟಿ ಕೂತಷ್ಟೇ ಜಾಗದಲ್ಲಿ, ಎರಡೂ ಪಾದದಲ್ಲಿ, ಅಚ್ಚೊತ್ತಿದಂತೆ ಕಪ್ಪಾಗಿ ತುರಿಸುತ್ತಿದ್ದರೆ ಅದು ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವ ರಾಸಾಯನಿಕಗಳ ಅಲರ್ಜಿ. ಚರ್ಮದ ಚಪ್ಪಲಿಯಾದರೆ ಹದ ಮಾಡಲು ಬಳಸುವ ಕ್ರೋಮಿಯಂ ಲವಣ, ಶೂ ಆದರೆ ಅಂಟು. ‘ಐದು ವರ್ಷದಿಂದ ಇದೇ ಚಪ್ಪಲಿ ಹಾಕುತ್ತಿದ್ದೇನೆ, ಇದರಿಂದ ಹೇಗೆ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅಲರ್ಜಿ ಹುಟ್ಟುವುದೇ ಹಾಗೆ, ವರ್ಷಗಟ್ಟಲೆ ಒಗ್ಗಿದ್ದು ಒಂದು ದಿನ ಒಗ್ಗದಾಗುತ್ತದೆ. ಪ್ಯಾಚ್ ಟೆಸ್ಟ್‌ನಲ್ಲಿ ಸಂಶಯದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡಿದರೆ ಅಪರಾಧಿ ಸಿಗುತ್ತಾನೆ. ಸಿಕ್ಕಮೇಲೆ ಚಪ್ಪಲಿ ಬದಲಿಸುವುದೇ ಮದ್ದು. ಇಂಥ ಇಸಬಿಗೆ, ಮೇಲೆ ನಾನು ಬೈದ ಸ್ಟೀರಾಯ್ಡೇ ಕೆಲವು ವಾರದ ಮಟ್ಟಿಗೆ ಸರಿಯಾದ ಔಷಧ. ಔಷಧ ಕೆಟ್ಟದ್ದಲ್ಲ, ಗುರುತಿಲ್ಲದ ರೋಗಕ್ಕೆ ಕೈಗೆ ಸಿಕ್ಕಷ್ಟು ದಿನ ಹಚ್ಚುವುದು ಕೆಟ್ಟದ್ದು. ಕಾಲುಂಗುರದ ಕೆಳಗಿನ ನವೆಯೂ ಇದೇ ಜಾತಿಗೆ ಹತ್ತಿರ. ಸೋಪಿನ ನೀರು ಉಂಗುರದಡಿ ನಿಂತು ಚರ್ಮವನ್ನು ಕೊರೆಯುತ್ತದೆ. ಅಗ್ಗದ ಲೋಹದಲ್ಲಿ ನಿಕ್ಕಲ್ ಇದ್ದರೆ ಅದರದೂ ಕೈವಾಡ. ಒಂದೆರಡು ವಾರ ತೆಗೆದಿಡಿ ಎಂದರೆ ಎದುರಿಗಿರುವವರು ಅತ್ತೆಯ ಮುಖ ನೋಡುತ್ತಾರೆ. ರಾತ್ರಿ ಹೊತ್ತು ಸ್ವಲ್ಪ ಮೇಲೆ ಸರಿಸಿ, ಒರೆಸಿ ಒಣಗಿಸಿ ಎನ್ನುವಲ್ಲಿಗೆ ರಾಜಿಯಾಗುತ್ತದೆ.

ಬೆರಳುಗಳ ಮಗ್ಗುಲಲ್ಲಿ, ಅಂಗಾಲಿನ ಅಂಚಿನಲ್ಲಿ ನೆನೆದ ಸಬ್ಬಕ್ಕಿಯಂಥ ನೀರುಗುಳ್ಳೆಗಳು ಚರ್ಮದೊಳಗೇ ಹುದುಗಿಕೊಂಡು ವಿಪರೀತ ತುರಿಸಿದರೆ ಅದೂ ಇಸಬಿನ ಒಂದು ಬಗೆ. ಬೆವರು ಹೆಚ್ಚಿದಾಗ, ಮನಸ್ಸಿಗೆ ಒತ್ತಡ ಬಿದ್ದಾಗ ಕಾಣಿಸಿ, ಎರಡು ಮೂರು ವಾರಕ್ಕೆ ಒಣಗಿ ಸುಲಿದು, ಮತ್ತೆ ಬರುತ್ತದೆ. ಕಣಕಾಲಿನ ಒಳಮಗ್ಗುಲು ಕಂದುಬಣ್ಣಕ್ಕೆ ತಿರುಗಿ ತುರಿಸಿದರೆ ಮೇಲೆ ಉಬ್ಬಿದ ನರಗಳಿವೆಯೇ ನೋಡಿ. ಇಡೀ ದಿನ ನಿಂತು ದುಡಿಯುವ ಮೇಷ್ಟ್ರು, ಅಡುಗೆಯವರು, ಕ್ಷೌರಿಕರು, ಹೋಟೆಲ್ ಸಪ್ಲೈಯರುಗಳಲ್ಲಿ ರಕ್ತ ಮೇಲೇರಲಾರದೆ ಕಾಲಲ್ಲೇ ತಂಗಿ, ಸೋರಿದ ರಕ್ತಕಣಗಳ ಕಬ್ಬಿಣದ ಅಂಶ ಚರ್ಮಕ್ಕೆ ಕಂದು ಬಣ್ಣ ಬಳಿಯುತ್ತದೆ. ಇಲ್ಲಿ ಮುಲಾಮಿಗಿಂತ ಒತ್ತುಪಟ್ಟಿ ಮುಖ್ಯ. ಇನ್ನು ರಾತ್ರಿ ನವೆ, ಕೈಬೆರಳ ಸಂದಿ ಹೊಕ್ಕುಳ ಸುತ್ತಲೂ ಗುಳ್ಳೆ, ಮನೆಮಂದಿಯೆಲ್ಲ ಕೆರೆಯುತ್ತಿದ್ದಾರೆ ಎಂದರೆ ಅದು ಕಜ್ಜಿ. ಕೂಸುಗಳಲ್ಲಿ ಅಂಗಾಲಿನಲ್ಲೂ ಬರುತ್ತದೆ. ನವೆ ಇರಲಿ ಬಿಡಲಿ ಮನೆಯವರೆಲ್ಲ ಒಂದೇ ರಾತ್ರಿ ಪರ್ಮೆಥ್ರಿನ್ ಹಚ್ಚಿಕೊಳ್ಳದಿದ್ದರೆ ಕಜ್ಜಿ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಸಮುದ್ರ ತೀರದಲ್ಲಿ ಬರಿಗಾಲಲ್ಲಿ ಅಡ್ಡಾಡಿ ಬಂದವರ ಪಾದದಲ್ಲಿ ಹಾವಿನಂತೆ ಅಂಕುಡೊಂಕಾಗಿ ದಿನದಿನಕ್ಕೆ ಮುಂದೆ ಸರಿಯುವ ಕೆಂಪು ಗೆರೆ ಕಂಡರೆ, ಮರಳಿನಲ್ಲಿ ನಾಯಿ, ಬೆಕ್ಕು ಬಿಟ್ಟುಹೋದ ಕೊಕ್ಕೆಹುಳುವಿನ ಮರಿ ಚರ್ಮದಡಿ ದಾರಿ ತಪ್ಪಿ ಅಲೆಯುತ್ತಿದೆ ಎಂದರ್ಥ. ನೋಡಲು ಭಯಂಕರ, ಗುಣವಾಗುವುದು ಸುಲಭ.

ಇಲ್ಲಿಯವರೆಗಿನವೆಲ್ಲ ಕಣ್ಣಿಗೆ ಕಾಣುವಂಥವು. ಪಾದ ನೋಡಿದರೆ ಏನೂ ಇಲ್ಲ, ನವೆ ಮಾತ್ರ ನಿದ್ದೆ ಕೆಡಿಸುತ್ತಿದೆ ಎನ್ನುವವರ ವಿಚಾರದಲ್ಲಿ ನಾನು ಹೆಚ್ಚು ಎಚ್ಚರವಾಗುತ್ತೇನೆ. ಅವರಲ್ಲಿ ಮೊದಲ ಸಾಲು ಗರ್ಭಿಣಿಯರದು. ಏಳನೆಯ ತಿಂಗಳು ದಾಟಿದ ಮೇಲೆ ಅಂಗೈ ಅಂಗಾಲು ರಾತ್ರಿಯಾಗುತ್ತಲೇ ತುರಿಸತೊಡಗಿ, ಗುಳ್ಳೆ ಗಂದೆ ಏನೂ ಇಲ್ಲದಿದ್ದರೆ ಅದು ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದ ತೊಂದರೆ ಇರಬಹುದು. ರಕ್ತದಲ್ಲಿ ಪಿತ್ತಾಮ್ಲದ ಮಟ್ಟ ನೋಡಿದರೆ ತಿಳಿಯುತ್ತದೆ. ಆ ಮಟ್ಟ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಅಪಾಯ ಹೆಚ್ಚುತ್ತದೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತು. ‘ಬಸುರಿಗೆ ಮೈ ಹಿಗ್ಗುವಾಗ ನವೆ ಇದ್ದದ್ದೇ’ ಎಂಬ ಮಾತು ಹೊಟ್ಟೆಯ ಚರ್ಮಕ್ಕೆ ಸರಿ, ಅಂಗಾಲಿಗೆ ಅಲ್ಲ. ಈ ಬರಹದಲ್ಲಿ ಮಿಕ್ಕಿದ್ದೆಲ್ಲ ಮರೆತರೂ ಇದೊಂದನ್ನು ಮನೆಯಲ್ಲಿ ಯಾರಾದರೂ ನೆನಪಿಟ್ಟುಕೊಳ್ಳಿ. ನವೆ ಶುರುವಾದ ಮರುದಿನವೇ ಪ್ರಸೂತಿ ವೈದ್ಯರಿಗೆ ಹೇಳಿ.

ಬಸುರಿಯಲ್ಲದವರಲ್ಲೂ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಕಬ್ಬಿಣದ ಕೊರತೆ ಇವು ಗುಳ್ಳೆಯಿಲ್ಲದ ನವೆಯಾಗಿ ಕಾಣಿಸಿಕೊಳ್ಳುತ್ತವೆ, ಹೆಚ್ಚಾಗಿ ಮೈಯೆಲ್ಲ, ಅಪರೂಪಕ್ಕೆ ಕಾಲಿನಿಂದ ಮೊದಲಾಗಿ. ಸಕ್ಕರೆ ಕಾಯಿಲೆಯವರ ಕಾಲಿನದು ಬೇರೆ ಕಥೆ. ನರ ಸೊರಗಿದಾಗ ಕೆಲವರಿಗೆ ಉರಿ, ಕೆಲವರಿಗೆ ಜುಮು, ಕೆಲವರಿಗೆ ನವೆ. ಬೆವರಿಳಿಸುವ ನರವೂ ಕೈಕೊಟ್ಟಿರುವುದರಿಂದ ಪಾದ ಒಣಗಿ ಸೌದೆಯಾಗಿರುತ್ತದೆ. ಇವರಿಗೆ ನಾನು ಮುಲಾಮಿಗಿಂತ ಮೊದಲು ಹೇಳುವುದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡಬೇಡಿ ಎಂದು. ಉಪ್ಪು ಹಾಕಿದ ಬಿಸಿನೀರು ನವೆಗೆ ಹಿತ, ಆದರೆ ಬಿಸಿ ತಿಳಿಯದ ಕಾಲು ಸುಟ್ಟು ಬೊಬ್ಬೆಯೆದ್ದ ಮೇಲೆಯೇ ಮನೆಯವರಿಗೆ ಗೊತ್ತಾಗುವುದು. ಯೂರಿಯಾ ಇರುವ ಕ್ರೀಮು ರಾತ್ರಿ ಹೊತ್ತು ಪಾದಕ್ಕೆ ಸವರಿ, ಬೆರಳ ಸಂದಿಗೆ ಬೇಡ. ತುರಿಸದ ಕಾಲಿನ ಬಗ್ಗೆಯೂ ಒಂದು ಮಾತು: ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ, ನವೆಯೂ ಇಲ್ಲದ ಮಚ್ಚೆ ಕುಷ್ಠದ್ದಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ. ನವೆಯಿಲ್ಲವೆಂದೇ ಜನ ಅದನ್ನು ತೋರಿಸಲು ತಡಮಾಡುತ್ತಾರೆ.

ಮನೆಮದ್ದಿನ ಪ್ರಶ್ನೆಗಳು ಉಳಿದಿವೆ. ಕೊಬ್ಬರಿ ಎಣ್ಣೆ ಒಣಪಾದಕ್ಕೆ ಚೆನ್ನ, ಒದ್ದೆ ಸಂದಿಗೆ ಬೇಡ. ರಸ ಒಸರುವ ಹುಣ್ಣಿಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ನೀರು ಒಳ್ಳೆಯದು, ಬಣ್ಣ ತಿಳಿ ಗುಲಾಬಿ ಇರಬೇಕು. ಕಡುನೇರಳೆಯಾದರೆ, ಹರಳು ಕರಗದೆ ಉಳಿದರೆ ಚರ್ಮ ಸುಡುತ್ತದೆ. ನೀರು ಬೆರೆಸದ ಡೆಟಾಲು, ಸೀಮೆಎಣ್ಣೆ, ಸುಣ್ಣ, ಜಜ್ಜಿದ ಬೆಳ್ಳುಳ್ಳಿ, ಇವನ್ನು ಹಚ್ಚಿಕೊಂಡು ಬಂದವರಿಗೆ ಮೂಲ ಕಾಯಿಲೆಗಿಂತ ಮೊದಲು ಸುಟ್ಟಗಾಯಕ್ಕೆ ಚಿಕಿತ್ಸೆ ಮಾಡಬೇಕಾಗುತ್ತದೆ. ಅಲರ್ಜಿ ಮಾತ್ರೆ ನುಂಗಿದರೆ ಹಿಸ್ಟಮಿನ್‌ನಿಂದ ಬಂದ ನವೆ ಇಳಿದೀತು. ಪಾದದ ನವೆಯಲ್ಲಿ ಹೆಚ್ಚಿನದು ಆ ಬಗೆಯದಲ್ಲ, ಹಾಗಾಗಿ ಹಳೆಯ ಕಾಲದ ಮಾತ್ರೆಗಳಿಂದ ಸಿಗುವುದು ನಿದ್ದೆ ಮಾತ್ರ. ಅದೂ ಬೇಕೆನಿಸುವ ರಾತ್ರಿಗಳಿವೆ ಅನ್ನಿ.

ವೈದ್ಯರಲ್ಲಿಗೆ ಹೋಗುವ ಮುನ್ನ ಹಚ್ಚಿದ್ದೆಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ, ಖಾಲಿ ಟ್ಯೂಬನ್ನೂ ಸೇರಿಸಿ. ಹಿಂದಿನ ಎರಡು ಮೂರು ದಿನ ಏನೂ ಹಚ್ಚದಿದ್ದರೆ ಚರ್ಮ ತನ್ನ ನಿಜರೂಪ ತೋರಿಸುತ್ತದೆ. ಉಗುರಿಗೆ ಬಣ್ಣ ಬೇಡ. ಮನೆಯಲ್ಲಿ ಮಾಡಬಹುದಾದ್ದು ಇಷ್ಟೇ: ಸ್ನಾನವಾದ ಮೇಲೆ ಬೆರಳ ಸಂದಿಯನ್ನು ಪಾದಕ್ಕೆಂದೇ ಇಟ್ಟ ಬಟ್ಟೆಯಿಂದ ಒರೆಸಿ, ಚಡ್ಡಿಗಿಂತ ಮೊದಲು ಸಾಕ್ಸು ಹಾಕಿ, ಹತ್ತಿಯ ಸಾಕ್ಸು ದಿನಕ್ಕೊಂದು ಜೊತೆ ಬದಲಿಸಿ, ಅದನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಳೆಯ ಶೂಗಳನ್ನೆಲ್ಲ ಎಸೆದುಬಿಡಲೇ ಎಂದು ಕಳೆದ ವಾರವೂ ಒಬ್ಬರು ಬರೆದಿದ್ದರು. ಬೇಡ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ತೊಡಿ, ತೊಡದ ಜೊತೆಯ ಒಳಪದರ ಎಳೆದು ಗಾಳಿಗಿಡಿ, ಒಳಗೆ ಶಿಲೀಂಧ್ರನಾಶಕ ಪುಡಿ ಉದುರಿಸಿ. ಎಸೆಯಬೇಕೆಂದೇ ಅನಿಸಿದರೆ, ಸ್ನಾನದ ಮನೆಯಲ್ಲಿ ಇಡೀ ಮನೆಗೆಂದು ಒಂದೇ ಜೊತೆ ಇಟ್ಟಿರುತ್ತೀರಲ್ಲ, ಆ ಸದಾ ಒದ್ದೆಯ ಚಪ್ಪಲಿಯನ್ನು ಎಸೆಯಿರಿ.